ಐರಿಷ್ ಗೀತೆಯ ನುಡಿ ಮತ್ತು ಮಟ್ಟು: ಒಂದು ಐತಿಹಾಸಿಕ ವಿವೇಚನೆ

ಐರ್ಲೆಂಡಿನ ರಾಷ್ಟ್ರಲಾಂಛನ ಹಾರ್ಪ್ ಎಂಬ ತಂತಿವಾದ್ಯ. ವಾದ್ಯವೊಂದನ್ನು ತಮ್ಮ ಲಾಂಛನವಾಗಿ ಸ್ವೀಕರಿಸಿದ ರಾಷ್ಟ್ರಗಳು ಲೋಕದಲ್ಲಿ ವಿರಳ. ಆ ಜನರ ಇತಿಹಾಸವನ್ನು ಅವರ ಹಾಡುಗಳಲ್ಲಿಯೇ ಓದಬಹುದೆಂಬ ನಂಬಿಕೆಯೂ ಬಹುಕಾಲದಿಂದ ಬೇರೂರಿದೆ. ಆದರೆ ಇತಿಹಾಸದ ವಿದ್ಯಾರ್ಥಿಯು ಈ ಹಾಡುಗಳನ್ನು ಆಧಾರವಾಗಿ ಹಿಡಿಯಹೊರಟೊಡನೆ ವಿಚಿತ್ರವಾದ ತೊಡಕೊಂದಕ್ಕೆ ಸಿಕ್ಕಿಕೊಳ್ಳುತ್ತಾನೆ. ಒಂದು ಗ್ರಂಥದಲ್ಲಿ ಮಟ್ಟುಗಳಿವೆ, ನುಡಿಯಿಲ್ಲ. ಇನ್ನೊಂದರಲ್ಲಿ ನುಡಿಯಿದೆ, ಮಟ್ಟಿಲ್ಲ. ಮೂರನೆಯದರಲ್ಲಿ ಎರಡೂ ಇವೆಯಾದರೂ ನುಡಿಯು ಬೇರೊಂದು ಭಾಷೆಯದು, ಬೇರೊಂದು ಕಾಲದ್ದು. ಮಟ್ಟು ಎಂಬ ಮಾತನ್ನು ನಮ್ಮ ಯಕ್ಷಗಾನದ ಪರಂಪರೆಯಲ್ಲಿ ಬಳಸುವ ಅರ್ಥದಲ್ಲಿಯೇ, ಎಂದರೆ ಹಾಡಿನ ಧಾಟಿ ಎಂಬ ಅರ್ಥದಲ್ಲಿ, ಇಲ್ಲಿ ಬಳಸಿದ್ದೇವೆ. ಹಾಡುವವನ ಬಾಯಲ್ಲಿ ಒಂದೇ ಆಗಿದ್ದ ನುಡಿ ಮತ್ತು ಮಟ್ಟುಗಳು ವಿದ್ವಾಂಸರ ಕೈಯಲ್ಲಿ ಹೇಗೆ ಬೇರ್ಪಟ್ಟವು, ಆ ಬೇರ್ಪಡಿಕೆಯ ಪರಿಣಾಮವು ರಾಜಕೀಯ ಲಾವಣಿಗಳಿಂದ ಮೊದಲುಗೊಂಡು ಇಂದಿನ ಸಂಗೀತರಚನೆಯವರೆಗೆ ಹೇಗೆ ಹರಿದುಬಂದಿದೆ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಕಥೆಯನ್ನು ಸಾಮಾನ್ಯವಾಗಿ 1792ರ ಬೆಲ್‌ಫಾಸ್ಟ್ ಹಾರ್ಪ್ ಉತ್ಸವದಿಂದ ಆರಂಭಿಸುವುದು ವಾಡಿಕೆ. ಅದಕ್ಕೆ ಮೊದಲೇ, 1724ರಲ್ಲಿ, ಡಬ್ಲಿನ್ನಿನ ಜಾನ್ ನೀಲ್ ಮತ್ತು ವಿಲಿಯಂ ನೀಲ್ ಎಂಬ ಪ್ರಕಾಶಕರು ಐರಿಷ್ ಮಟ್ಟುಗಳ ಸಂಗ್ರಹವೊಂದನ್ನು ಅಚ್ಚುಹಾಕಿದ್ದರು. ಆದರೆ ಅದು ವ್ಯಾಪಾರದ ಸಾಹಸ. 1792ರದು ಬೇರೆಯ ಬಗೆಯ ಉದ್ಯಮ. ಆ ವರ್ಷದ ಜುಲೈ ತಿಂಗಳ ಎರಡನೆಯ ವಾರದಲ್ಲಿ ಹತ್ತು ಮಂದಿ ಐರಿಷ್ ಹಾರ್ಪ್ ವಾದಕರೂ ವೇಲ್ಸಿನವನೊಬ್ಬನೂ ಬೆಲ್‌ಫಾಸ್ಟ್ ನಗರದ ಸಭಾಭವನದಲ್ಲಿ ಸೇರಿದರು. ಅವರಲ್ಲಿ ಹಲವರು ಕುರುಡರು. ಡೆನಿಸ್ ಹೆಂಪ್ಸನ್ ಎಂಬಾತನಿಗೆ ತೊಂಬತ್ತೇಳು ವರ್ಷವೆಂದು ಹೇಳಲಾಗಿದೆ; ಲೋಹದ ತಂತಿಗಳನ್ನು ಬೆಳೆಸಿದ ಉಗುರಿನಿಂದ ಮೀಟುವ ಪ್ರಾಚೀನ ಕ್ರಮವನ್ನು ಉಳಿಸಿಕೊಂಡಿದ್ದವನು ಆತನೊಬ್ಬನೇ. ಇವರು ನುಡಿಸಿದುದನ್ನು ಸ್ವರಲಿಪಿಯಲ್ಲಿ ಬರೆದುಕೊಳ್ಳಲು ಎಡ್ವರ್ಡ್ ಬಂಟಿಂಗ್ ಎಂಬ ಹತ್ತೊಂಬತ್ತು ವರ್ಷದ ಆರ್ಗನ್ ವಾದಕನನ್ನು ಗೊತ್ತುಮಾಡಿದರು.

ಅದೇ ವಾರ ಅದೇ ನಗರದಲ್ಲಿ ಪ್ಯಾರಿಸ್ಸಿನ ಬಾಸ್ತೀಲ್ ಕೋಟೆಯ ಪತನದ ವಾರ್ಷಿಕೋತ್ಸವವೂ ನಡೆಯಿತೆಂಬುದನ್ನು ಮರೆಯಲಾಗದು. ಹಿಂದಿನ ವರ್ಷವಷ್ಟೇ ಬೆಲ್‌ಫಾಸ್ಟಿನಲ್ಲಿ ಸ್ಥಾಪಿತವಾಗಿದ್ದ ಯುನೈಟೆಡ್ ಐರಿಷ್‌ಮೆನ್ ಸಂಘವು ಕಿರೀಟವಿಲ್ಲದ ಹಾರ್ಪನ್ನು ತನ್ನ ಚಿಹ್ನೆಯಾಗಿ ಆರಿಸಿಕೊಂಡಿತ್ತು. ಬಂಟಿಂಗನು ಬಾಲ್ಯದಿಂದ ವಾಸವಾಗಿದ್ದುದು ಮೆಕ್ರಾಕನ್ ಕುಟುಂಬದ ಮನೆಯಲ್ಲಿ. ಆ ಮನೆಯ ಮಗ ಹೆನ್ರಿ ಜಾಯ್ ಮೆಕ್ರಾಕನ್ನನು 1798ರ ದಂಗೆಯ ನಾಯಕರಲ್ಲಿ ಒಬ್ಬನಾಗಿ ಗಲ್ಲಿಗೇರಿದನು. ಉತ್ಸವದ ಸಂಘಟಕರಲ್ಲಿ ಪ್ರಮುಖನಾದ ವೈದ್ಯ ಜೇಮ್ಸ್ ಮೆಕ್‌ಡಾನೆಲ್ಲನು ಬಾಲಕನಾಗಿದ್ದಾಗ ಆರ್ಥರ್ ಓ'ನೀಲ್ ಎಂಬ ಕುರುಡ ವಾದಕನಲ್ಲಿ ಹಾರ್ಪ್ ಕಲಿತವನು. ಹೀಗೆ ಸಂಗೀತಸಂಗ್ರಹವೂ ಗಣರಾಜ್ಯದ ರಾಜಕೀಯವೂ ಒಂದೇ ಹಜಾರದಲ್ಲಿ ಕುಳಿತಿದ್ದವು. ಅವೆರಡಕ್ಕೂ ಸಾಮರಸ್ಯವಿತ್ತೆಂದು ಮಾತ್ರ ಭಾವಿಸಬಾರದು. ಆಗ ಬೆಲ್‌ಫಾಸ್ಟಿನಲ್ಲಿದ್ದ ಸಂಘದ ನಾಯಕ ವುಲ್ಫ್ ಟೋನನಿಗೆ ಈ ತಂತಿಯ ನಾದವು ಬೇಸರವನ್ನೇ ತಂದಿತೆಂಬುದು ಅವನ ದಿನಚರಿಯಿಂದ ತಿಳಿಯುತ್ತದೆ.

ಬಂಟಿಂಗನು ಅರವತ್ತಾರು ಮಟ್ಟುಗಳ ತನ್ನ ಮೊದಲ ಸಂಪುಟವನ್ನು 1796ರ ಮುಖಪತ್ರದೊಡನೆ ಪ್ರಕಟಿಸಿದನು. ಮಟ್ಟುಗಳಿಗೆ ಮಂದ್ರಸ್ವರಗಳನ್ನು ಕೂಡಿಸಿ ಪಿಯಾನೊ ವಾದ್ಯಕ್ಕೆ ಹೊಂದಿಸಿದ್ದನು, ನುಡಿ ಇರಲಿಲ್ಲ. ಬಂಟಿಂಗನಿಗೆ ಐರಿಷ್ ಭಾಷೆ ಬಾರದು. ಈ ಕೊರತೆಯನ್ನು ಅವನೇ ಅರಿತನೆಂದು ತೋರುತ್ತದೆ. 1802ರಲ್ಲಿ, ಮೆಕ್ರಾಕನ್ ಮನೆಯವರ ಪ್ರೋತ್ಸಾಹದಿಂದ, ಪ್ಯಾಟ್ರಿಕ್ ಲಿಂಚ್ ಎಂಬ ಐರಿಷ್ ಭಾಷಾ ಬೋಧಕನನ್ನು ಪಶ್ಚಿಮದ ಕೊನಾಟ್ ಪ್ರಾಂತಕ್ಕೆ ಕಳುಹಿಸಲಾಯಿತು. ಲಿಂಚನು ಹಳ್ಳಿಗಳಲ್ಲಿಯೂ ಪಾನಗೃಹಗಳಲ್ಲಿಯೂ ಹಾಡುವವರನ್ನು ಹುಡುಕಿ ನುಡಿಯನ್ನು ಬರೆದುಕೊಳ್ಳುವುದು, ಬಂಟಿಂಗನು ಬಂದು ಮಟ್ಟನ್ನು ಬರೆದುಕೊಳ್ಳುವುದು, ಇದು ಏರ್ಪಾಡು. ನಮ್ಮ ದೃಷ್ಟಿಯಲ್ಲಿ ಐರಿಷ್ ಸಂಗೀತವಿದ್ವತ್ತಿನ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದ ಪ್ರವಾಸ ಇನ್ನೊಂದಿಲ್ಲ. ಒಂದೇ ಹಾಡಿನ ಎರಡು ಅಂಗಗಳನ್ನೂ ಬಲ್ಲವರಿಬ್ಬರು ಒಂದೇ ಉದ್ದೇಶದಿಂದ ಕೂಡಿ ಹೊರಟದ್ದು ಅಲ್ಲಿಯೇ.

ಆದರೆ ಮರುವರ್ಷ, 1803ರಲ್ಲಿ, ಡಬ್ಲಿನ್ನಿನಲ್ಲಿ ರಾಬರ್ಟ್ ಎಮೆಟನ ದಂಗೆಯು ವಿಫಲವಾಯಿತು. ಉತ್ತರದಲ್ಲಿ ಜನರನ್ನು ಎಬ್ಬಿಸಲು ಯತ್ನಿಸಿದ ಥಾಮಸ್ ರಸೆಲ್ಲನು ಸೆರೆಸಿಕ್ಕಿದನು. ರಸೆಲ್ಲನು ಈ ಬೆಲ್‌ಫಾಸ್ಟ್ ವಲಯದವರೆಲ್ಲರ ಆಪ್ತಮಿತ್ರ. ಅವನನ್ನು ಹಿಡಿದುಕೊಟ್ಟವರಿಗೆ ನೀಡುವ ಬಹುಮಾನದ ಚಂದಾಪಟ್ಟಿಗೆ ಸಹಿಮಾಡಿದವರಲ್ಲಿ ಮೆಕ್‌ಡಾನೆಲ್ಲನೂ ಒಬ್ಬನು! ರಸೆಲ್ಲನ ಪರವಾಗಿ ವಕೀಲರಿಗೆ ಹಣ ಹೊಂದಿಸಿದವಳು ಮೇರಿ ಆನ್ ಮೆಕ್ರಾಕನ್. ಡೌನ್‌ಪ್ಯಾಟ್ರಿಕ್ಕಿನಲ್ಲಿ ನಡೆದ ವಿಚಾರಣೆಯಲ್ಲಿ ಸರ್ಕಾರದ ಸಾಕ್ಷಿಯಾಗಿ ನಿಲ್ಲಬೇಕಾಗಿ ಬಂದವರಲ್ಲಿ ಪ್ಯಾಟ್ರಿಕ್ ಲಿಂಚನು ಸೇರಿದ್ದನು. ಅಕ್ಟೋಬರಿನಲ್ಲಿ ರಸೆಲ್ಲನು ಗಲ್ಲಿಗೇರಿದನು.

ಬಂಟಿಂಗನ ಎರಡನೆಯ ಸಂಪುಟವು 1809ರಲ್ಲಿ ಹೊರಬಂದಾಗ ಅದರಲ್ಲಿ ಲಿಂಚನು ತಂದ ಐರಿಷ್ ನುಡಿಗಳಿಗೆ ಸ್ಥಾನವಿರಲಿಲ್ಲ. ಥಾಮಸ್ ಕ್ಯಾಂಪ್‌ಬೆಲ್ ಮೊದಲಾದವರ ಇಂಗ್ಲಿಷ್ ಪದ್ಯಗಳು ಆ ಜಾಗವನ್ನು ತುಂಬಿದ್ದವು. ಸಾಕ್ಷಿ ನುಡಿದವನ ಬರಹವನ್ನು ಮೆಕ್ರಾಕನ್ ಮನೆಯವರು ಮುಟ್ಟಲಿಚ್ಛಿಸಲಿಲ್ಲವೆಂಬ ವಿವರಣೆಯು ಬಹುಕಾಲದಿಂದ ಪ್ರಚಾರದಲ್ಲಿದೆ. ಅದು ಸಹಜವಾದ ಊಹೆಯೇ. ಆದರೆ ಅದೊಂದೇ ಕಾರಣವಾಗಿದ್ದಿತೆಂದು ನಾವು ಒಪ್ಪಲಾರೆವು. ಸಂಪುಟವನ್ನು ಕೊಳ್ಳತಕ್ಕವರು ನಗರದ ಪಿಯಾನೊ ನುಡಿಸುವ ಮನೆಗಳವರು, ಅವರ ಭಾಷೆ ಇಂಗ್ಲಿಷ್. ಇದಲ್ಲದೆ ಬಂಟಿಂಗನಿಗೆ ಒಂದು ಸಿದ್ಧಾಂತವೂ ಇತ್ತು. 1840ರಲ್ಲಿ ಪ್ರಕಟವಾದ ಮೂರನೆಯ ಸಂಪುಟದ ಮುನ್ನುಡಿಯಲ್ಲಿ ಅವನು ಅದನ್ನು ಸ್ಪಷ್ಟವಾಗಿ ಮಂಡಿಸಿದ್ದಾನೆ: ಊರಿಂದ ಊರಿಗೆ ನುಡಿಯು ಬದಲಾಗುತ್ತದೆ, ಮಟ್ಟು ಬದಲಾಗುವುದಿಲ್ಲ; ಆದುದರಿಂದ ಪ್ರಾಚೀನತೆಯ ವಿಶ್ವಾಸಾರ್ಹ ಸಾಕ್ಷ್ಯವೆಂದರೆ ಮಟ್ಟೇ. ಮುಂದೆ ಜಾರ್ಜ್ ಪೆಟ್ರಿಯು ತನ್ನ ಸ್ವಂತ ಸಂಗ್ರಹದ ಅನುಭವದಿಂದ ಈ ಮಾತನ್ನು ಅಲ್ಲಗಳೆದನು. ಗಾಯಕನಿಂದ ಗಾಯಕನಿಗೆ ಮಟ್ಟು ಎಷ್ಟು ಮಾರ್ಪಡುವುದೆಂಬುದನ್ನು ಅವನು ಕಂಡಿದ್ದನು. ಆದರೂ ಬಂಟಿಂಗನ ಸಿದ್ಧಾಂತವು ಒಂದು ಶತಮಾನದ ಸಂಗ್ರಹಕಾರ್ಯಕ್ಕೆ ದಾರಿಯನ್ನು ಹಾಕಿಕೊಟ್ಟಾಗಿತ್ತು.

ಲಿಂಚನ ಹಾಳೆಗಳು ನೂರು ವರ್ಷಕ್ಕೂ ಮಿಕ್ಕಿ ಬಂಟಿಂಗನ ವಂಶಸ್ಥರಲ್ಲಿಯೇ ಉಳಿದವು. ಷಾರ್ಲಟ್ ಮಿಲಿಗನ್ ಫಾಕ್ಸ್ ಎಂಬ ವಿದುಷಿ ಅವನ್ನು ಪತ್ತೆಹಚ್ಚಿ 1911ರಲ್ಲಿ ಹಾರ್ಪ್ ವಾದಕರ ಚರಿತ್ರೆಯೊಂದನ್ನು ಬರೆದರು; ಆ ಹಸ್ತಪ್ರತಿಗಳು ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯವನ್ನು ಸೇರಿದವು. ಡೊನಾಲ್ ಓ'ಸಲಿವನ್ನರು 1927ರಿಂದ 1939ರವರೆಗೆ ಐರಿಷ್ ಜಾನಪದಗೀತ ಸಂಘದ ಪತ್ರಿಕೆಯಲ್ಲಿ ಬಂಟಿಂಗನ ಮಟ್ಟುಗಳನ್ನೂ ಐರಿಷ್ ನುಡಿಗಳನ್ನೂ ಜೊತೆಗೂಡಿಸಿ ಪ್ರಕಟಿಸಿದರು. ಕೋಲೆಟ್ ಮಲೋನಿಯವರ ವಿವರಣಾತ್ಮಕ ಸೂಚಿಯು 2000ದಲ್ಲಿ ಬಂದಿತು. 1802ರಲ್ಲಿ ಕೈಗೊಂಡ ಕಾರ್ಯವು ಎರಡು ಶತಮಾನಗಳ ಕಾಲ ಎಳೆಯಿತೆಂದರೆ ಉತ್ಪ್ರೇಕ್ಷೆಯಲ್ಲ.

ಈ ನಡುವೆ ಥಾಮಸ್ ಮೂರ್ ಕವಿಯು ಬಂಟಿಂಗನ ಮಟ್ಟುಗಳನ್ನು ಎತ್ತಿಕೊಂಡು 'ಐರಿಷ್ ಮೆಲೊಡೀಸ್' ಎಂಬ ಹೆಸರಿನಲ್ಲಿ 1808ರಿಂದ 1834ರವರೆಗೆ ಹತ್ತು ಕಂತುಗಳಲ್ಲಿ ತನ್ನ ಇಂಗ್ಲಿಷ್ ಗೀತೆಗಳನ್ನು ಪ್ರಕಟಿಸಿದನು. ಜಾನ್ ಸ್ಟೀವನ್‌ಸನ್ನನು ಮೊದಲ ಕಂತುಗಳಿಗೆ ವಾದ್ಯದ ಹಿಮ್ಮೇಳವನ್ನು ರಚಿಸಿದನು. ಮೂರನು ಎಮೆಟನ ಸಹಪಾಠಿ. ಅವನ ನೆನಪಿಗಾಗಿ ಬರೆದ ಗೀತೆಯು ಮೊದಲ ಕಂತಿನಲ್ಲಿಯೇ ಇದೆ, ಆದರೆ ಎಮೆಟನ ಹೆಸರಿಲ್ಲ. ಗಲ್ಲಿಗೇರಿಸಿದವರ ಮನೆಗಳಲ್ಲಿಯೂ ಪಿಯಾನೊದ ಮುಂದೆ ಹಾಡಬಹುದಾದ ಶೋಕವದು. ಇದನ್ನು ಹೇಡಿತನವೆಂದವರುಂಟು. ಮೂರನಿಲ್ಲದಿದ್ದರೆ ಆ ಶೋಕವು ಆ ಮನೆಗಳನ್ನು ಹೊಗುತ್ತಲೇ ಇರಲಿಲ್ಲವೆಂಬುದನ್ನೂ ಹೇಳಬೇಕು.

ಹೀಗೆ ಪಕ್ಕಕ್ಕೆ ಸರಿದ ಐರಿಷ್ ನುಡಿಯ ಗೀತೆಗಳಲ್ಲಿ ರಾಜಕೀಯವು ಎಷ್ಟಿತ್ತು? ಹದಿನೆಂಟನೆಯ ಶತಮಾನದ ಮನ್‌ಸ್ಟರ್ ಪ್ರಾಂತದ ಕವಿಗಳು 'ಅಶ್ಲಿಂಗ್' ಎಂಬ ಸ್ವಪ್ನಗೀತೆಯ ಪ್ರಕಾರವನ್ನು ಬೆಳೆಸಿದ್ದರು. ಕವಿಯ ಕನಸಿನಲ್ಲಿ ಸುಂದರಿಯೊಬ್ಬಳು ಕಾಣಿಸಿಕೊಳ್ಳುತ್ತಾಳೆ, ಅವಳೇ ಐರ್ಲೆಂಡ್, ಕಡಲಾಚೆಯಿಂದ ಸ್ಟುವರ್ಟ್ ವಂಶದ ರಾಜಕುಮಾರನು ಬಂದು ತನ್ನನ್ನು ಬಿಡಿಸುವನೆಂದು ಅವಳು ನುಡಿಯುತ್ತಾಳೆ. ಆಗಾನ್ ಓ ರಾಹಿಲಿ, ಓವನ್ ರುವಾ ಓ ಸೂಲಿವಾನ್ ಮೊದಲಾದವರು ಈ ಪ್ರಕಾರದ ಹೆಸರಾಂತ ಕವಿಗಳು. ಡೇನಿಯಲ್ ಕಾರ್ಕರಿಯು 1924ರಲ್ಲಿ ಬರೆದ ಪ್ರಸಿದ್ಧ ಗ್ರಂಥದಲ್ಲಿ ಈ ಕವಿಗಳ ಮೂಲಕ 'ಮರೆಯಾದ ಐರ್ಲೆಂಡ್' ಒಂದನ್ನು ಚಿತ್ರಿಸಿದನು. 1969ರಲ್ಲಿ ಲೂಯಿ ಕಲನ್ ಎಂಬ ಆರ್ಥಿಕ ಇತಿಹಾಸಕಾರರು, ಕವಿಯ ಬಡತನವನ್ನು ನಾಡಿನ ಬಡತನವೆಂದು ತಿಳಿಯಲಾಗದೆಂದು ಆ ಚಿತ್ರವನ್ನು ಪ್ರಶ್ನಿಸಿದರು. ಅನಂತರ ಬ್ರೆಂಡಾನ್ ಓ ಬುವಹಲ್ಲಾ ಅವರು 1996ರಲ್ಲಿ ಪ್ರಕಟಿಸಿದ, ಐರಿಷ್ ಭಾಷೆಯಲ್ಲಿಯೇ ಬರೆದ ಬೃಹದ್ಗ್ರಂಥದಲ್ಲಿ ಈ ಗೀತೆಗಳು ಬರಿಯ ಕವಿಸಮಯವಲ್ಲ, ಯೂರೋಪಿನ ಯುದ್ಧವಾರ್ತೆಗಳನ್ನು ಗಮನಿಸುತ್ತಿದ್ದ ಜನರ ನಿಜವಾದ ರಾಜಕೀಯ ನಿರೀಕ್ಷೆ ಎಂದು ಸಾಧಿಸಿದರು. ಇಂಗ್ಲಿಷ್ ದಾಖಲೆಗಳನ್ನು ಮಾತ್ರ ನೋಡಿದವರಿಗೆ ಹದಿನೆಂಟನೆಯ ಶತಮಾನದ ಐರಿಷ್ ರೈತನು ಮೂಕನಾಗಿ ಕಾಣುತ್ತಾನೆ. ಅವನು ಮೂಕನಲ್ಲ, ಅವನ ಮಾತು ಬರೆದುಕೊಂಡವರ ಭಾಷೆಯಲ್ಲಿರಲಿಲ್ಲ, ಅಷ್ಟೆ.

ಮಟ್ಟಿಗೆ ತನ್ನದೇ ಆದ ಪಕ್ಷವಿಲ್ಲ ಎಂಬುದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. 1690ರ ಬಾಯ್ನ್ ನದಿಯ ಕದನದಲ್ಲಿ ಮೂರನೆಯ ವಿಲಿಯಂ ದೊರೆಯು ಗಳಿಸಿದ ಜಯವನ್ನು ಕೊಂಡಾಡುವ 'ದಿ ಬಾಯ್ನ್ ವಾಟರ್' ಪ್ರಾಟೆಸ್ಟೆಂಟರ ಆರೆಂಜ್ ಸಂಘದವರಿಗೆ ಅತ್ಯಂತ ಪ್ರಿಯವಾದ ಗೀತೆ. ಅದೇ ಮಟ್ಟಿನಲ್ಲಿಯೇ ಪಿಯರಸ್ ಮ್ಯಾಕ್ ಗೆರಲ್ಟ್ ಕವಿಯ 'ರಾಸ್ಕ್ ಕಹಾ ನ ಮೂನ್' ಎಂಬ ಐರಿಷ್ ರಣಗೀತೆಯನ್ನೂ ಹಾಡುತ್ತಾರೆ. ಇದು ಸ್ಟುವರ್ಟ್ ಪಕ್ಷದ್ದು, ಎಂದರೆ ಬಾಯ್ನ್ ಕದನದಲ್ಲಿ ಸೋತವರದು. ನುಡಿಯನ್ನು ತೆಗೆದುಹಾಕಿ ಮಟ್ಟನ್ನು ಮಾತ್ರ ಅಚ್ಚಿಸಿದರೆ ಗೆದ್ದವನಾರು ಸೋತವನಾರು ಎಂಬುದು ತಿಳಿಯುವಂತಿಲ್ಲ.

ಇನ್ನು ಇಂಗ್ಲಿಷ್ ನುಡಿಯ ರಾಜಕೀಯ ಲಾವಣಿಗಳ ವಿಷಯ. ಇವು ಎರಡು ಬಗೆಯವು. ಮೊದಲನೆಯವು ಬೀದಿಯ ಲಾವಣಿಗಳು. ಒಂಟಿಹಾಳೆಯಲ್ಲಿ ಅಚ್ಚಾಗಿ ಜಾತ್ರೆಗಳಲ್ಲಿ, ಸಂತೆಗಳಲ್ಲಿ ಹಾಡಿ ಮಾರುತ್ತಿದ್ದ ಇವುಗಳ ಮೇಲೆ ಮಟ್ಟಿನ ಸ್ವರಲಿಪಿ ಇರುತ್ತಿರಲಿಲ್ಲ. ಹೆಚ್ಚೆಂದರೆ 'ಇಂಥ ಹಾಡಿನ ಮಟ್ಟು' ಎಂಬ ಸೂಚನೆ ಇರುತ್ತಿತ್ತು. ರಾಜದ್ರೋಹದ ಹಾಡುಗಳೆಂದು ಪೊಲೀಸರು ವಶಪಡಿಸಿಕೊಂಡ ಹಾಳೆಗಳು ಸರ್ಕಾರದ ಕಡತಗಳಲ್ಲಿ ಸುರಕ್ಷಿತವಾಗಿ ಉಳಿದಿವೆ. ಅಧಿಕಾರಿಗಳ ಭಯವು ವಿದ್ವಾಂಸರಿಗೆ ಉಪಕಾರವಾಗಿ ಪರಿಣಮಿಸಿದ ಸಂದರ್ಭಗಳಲ್ಲಿ ಇದೂ ಒಂದು. ಎರಡನೆಯವು ವಿದ್ಯಾವಂತರು ಬರೆದ ರಾಷ್ಟ್ರೀಯ ಗೀತೆಗಳು. ಥಾಮಸ್ ಡೇವಿಸ್, ಚಾರ್ಲ್ಸ್ ಗೇವನ್ ಡಫಿ, ಜಾನ್ ಬ್ಲೇಕ್ ಡಿಲನ್ ಇವರು 1842ರ ಅಕ್ಟೋಬರಿನಲ್ಲಿ ಆರಂಭಿಸಿದ 'ದಿ ನೇಷನ್' ವಾರಪತ್ರಿಕೆಯು ಇವುಗಳ ತವರು. ಪತ್ರಿಕೆಯ ಗೀತೆಗಳ ಸಂಕಲನವು 1843ರಲ್ಲಿಯೂ, ಸ್ವರಲಿಪಿಯೊಡನೆ 1845ರಲ್ಲಿಯೂ ಬಂದಿತು. ಜನರಿಗೆ ಇತಿಹಾಸವನ್ನು ಕಲಿಸಲು ಹಾಡೇ ಸಾಧನವೆಂದು ಡೇವಿಸನು ನಂಬಿದ್ದನು. ಶಾಲೆ ಕಲಿಸದ ಇತಿಹಾಸವನ್ನು ಲಾವಣಿಯು ಕಲಿಸಬೇಕು.

ಇಲ್ಲಿಯೇ ಇತಿಹಾಸಕಾರನು ಎಚ್ಚರದಿಂದಿರಬೇಕು. 1798ರ ದಂಗೆಯ ಹಾಡುಗಳೆಂದು ಲೋಕವು ತಿಳಿದಿರುವವುಗಳಲ್ಲಿ ಹಲವು 1798ರವಲ್ಲ. ಆ ವರ್ಷದ ಹುತಾತ್ಮರನ್ನು ಸ್ಮರಿಸುವ 'ದಿ ಮೆಮರಿ ಆಫ್ ದ ಡೆಡ್' ಗೀತೆಯನ್ನು ಜಾನ್ ಕೆಲ್ಸ್ ಇಂಗ್ರಮನು 1843ರಲ್ಲಿ ಹೆಸರು ಹಾಕದೆ 'ದಿ ನೇಷನ್' ಪತ್ರಿಕೆಯಲ್ಲಿ ಪ್ರಕಟಿಸಿದನು; ಬಿಸಿರಕ್ತದ ಈ ವಿದ್ಯಾರ್ಥಿಯು ಮುಂದೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಗಂಭೀರ ಪ್ರಾಧ್ಯಾಪಕನಾದನು. 'ದಿ ಕ್ರಾಪಿ ಬಾಯ್' ಎಂಬ ಹೆಸರಿನಲ್ಲಿ ಎರಡು ಹಾಡುಗಳಿವೆ: ಒಂದು ದಂಗೆಯ ಕಾಲಕ್ಕೆ ಸಮೀಪವಾದ ಬೀದಿಲಾವಣಿ, ಮತ್ತೊಂದು 1845ರಲ್ಲಿ ಅದೇ ಪತ್ರಿಕೆಯಲ್ಲಿ ಬಂದುದು. ವೆಕ್ಸ್‌ಫರ್ಡಿನ ಪಾದ್ರಿ ಜಾನ್ ಮರ್ಫಿಯ ನಾಯಕತ್ವವನ್ನು ವರ್ಣಿಸುವ 'ಬೂಲವೋಗ್' ಎಂಬ ಲಾವಣಿಯನ್ನು ಪ್ಯಾಟ್ರಿಕ್ ಜೋಸೆಫ್ ಮೆಕಾಲನು ಬರೆದದ್ದು ದಂಗೆಯ ಶತಮಾನೋತ್ಸವಕ್ಕಾಗಿ, 1898ರಲ್ಲಿ. ಅದನ್ನು ಹಾಡುವ ಮಟ್ಟು ಹಳೆಯದೊಂದು ಪ್ರೇಮಗೀತೆಯದು.

'ಬೂಲವೋಗ್' ಲಾವಣಿಯಲ್ಲಿ ಪಾದ್ರಿಯೇ ದಂಗೆಯ ಕೇಂದ್ರ. ಇದು 1798ರ ವೆಕ್ಸ್‌ಫರ್ಡನ್ನು ಕುರಿತ ಸಾಕ್ಷ್ಯವೆಂದು ಓದಿದರೆ, ದಂಗೆಯಲ್ಲಿ ಭಾಗಿಗಳಾಗಿದ್ದ ಪ್ರಾಟೆಸ್ಟೆಂಟ್ ನಾಯಕರೂ ಫ್ರೆಂಚ್ ಗಣರಾಜ್ಯದ ವಿಚಾರಗಳೂ ಮರೆಯಾಗುತ್ತವೆ. ಅದೇ ಲಾವಣಿಯನ್ನು 1898ರ ಸಾಕ್ಷ್ಯವೆಂದು ಓದಿದರೆ, ಪಾರ್ನೆಲ್ಲನ ಪತನದ ತರುವಾಯ ಒಡೆದುಹೋಗಿದ್ದ ಕ್ಯಾಥೊಲಿಕ್ ರಾಷ್ಟ್ರೀಯತೆಯು ತನಗೊಂದು ಒಗ್ಗಟ್ಟಿನ ಭೂತಕಾಲವನ್ನು ಹೇಗೆ ಕಟ್ಟಿಕೊಂಡಿತೆಂಬುದಕ್ಕೆ ಅಮೂಲ್ಯವಾದ ಆಧಾರವಾಗುತ್ತದೆ. ಲಾವಣಿಯು ಯಾವ ವರ್ಷವನ್ನು ಹಾಡುತ್ತದೆ ಎಂಬುದಕ್ಕಿಂತ ಯಾವ ವರ್ಷದಲ್ಲಿ ಹಾಡಲ್ಪಟ್ಟಿತು ಎಂಬುದನ್ನು ಮೊದಲು ಕೇಳಬೇಕು. ಈ ಪ್ರಶ್ನೆಯನ್ನು ಕ್ರಮಬದ್ಧವಾಗಿ ಎತ್ತಿದ ಶ್ರೇಯಸ್ಸು ಸ್ವಿಟ್ಜರ್ಲೆಂಡಿನ ವಿದ್ವಾಂಸರಾದ ಜಾರ್ಜ್-ಡೆನಿ ಜಿಮ್ಮರ್‌ಮನ್ನರಿಗೆ ಸಲ್ಲಬೇಕು. 1780ರಿಂದ 1900ರವರೆಗಿನ ಲಾವಣಿಗಳನ್ನು ಕುರಿತ ಅವರ ಗ್ರಂಥವು 1967ರಲ್ಲಿ ಡಬ್ಲಿನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ಹಾಡುಗಳ ನುಡಿಯೊಡನೆ ಮಟ್ಟುಗಳೂ ಇವೆ, ದಂಗೆಕೋರರ ಹಾಡುಗಳೊಡನೆ ಆರೆಂಜ್ ಪಕ್ಷದ ಹಾಡುಗಳೂ ಇವೆ. ಸ್ವದೇಶದ ವಿದ್ವಾಂಸರಿಗೆ ಸುಲಭವಾಗದ ಈ ಸಮದೃಷ್ಟಿಯು ಹೊರಗಿನವರಿಗೆ ಸಾಧ್ಯವಾಯಿತು. ಹ್ಯೂ ಷೀಲ್ಡ್ಸ್ ಅವರು 1993ರಲ್ಲಿ ಕಥನಗೀತೆಗಳನ್ನು ಕುರಿತು ಬರೆದ ಗ್ರಂಥವು ಈ ವಿಧಾನವನ್ನು ಇನ್ನಷ್ಟು ಮುಂದುವರಿಸಿತು.

1845ರಿಂದ ಆಲೂಗಡ್ಡೆಯ ಬೆಳೆಯು ರೋಗದಿಂದ ನಾಶವಾಗಿ ಉಂಟಾದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಸತ್ತರು. ಅಷ್ಟೇ ಮಂದಿ ದೇಶವನ್ನು ಬಿಟ್ಟುಹೋದರು. ಸತ್ತವರಲ್ಲಿಯೂ ವಲಸೆಹೋದವರಲ್ಲಿಯೂ ಐರಿಷ್ ಮಾತನಾಡುವ ಬಡವರೇ ಅಧಿಕ. ಜಾರ್ಜ್ ಪೆಟ್ರಿಯು 1855ರಲ್ಲಿ ತನ್ನ ಸಂಗ್ರಹವನ್ನು ಪ್ರಕಟಿಸುತ್ತ, ಕ್ಷಾಮವು ನಾಡಿನಲ್ಲಿ ಹಾಡನ್ನೇ ಅಡಗಿಸಿಬಿಟ್ಟಿತೆಂದು ಮುನ್ನುಡಿಯಲ್ಲಿ ದುಃಖಪಟ್ಟಿದ್ದಾನೆ. ಐರಿಷ್ ಪಂಡಿತನಾದ ಯೂಜೀನ್ ಓ'ಕರಿಯ ನೆರವಿನಿಂದ ಅವನು ಕೆಲವು ಹಾಡುಗಳ ನುಡಿಯನ್ನೂ ಕೊಟ್ಟನು. ಆದರೆ ಆ ಸಂಪುಟದಿಂದ ಲೋಕವನ್ನೆಲ್ಲ ಸುತ್ತಿದ್ದು ನುಡಿಯೂ ಹೆಸರೂ ಇಲ್ಲದ ಒಂದು ಮಟ್ಟು. ಲಿಮವಾಡಿ ಊರಿನ ಜೇನ್ ರಾಸ್ ಎಂಬಾಕೆ ಕಳುಹಿಸಿಕೊಟ್ಟ ಈ 'ಲಂಡನ್‌ಡೆರಿ ಏರ್' ಎಂಬುದಕ್ಕೆ ಫ್ರೆಡ್ರಿಕ್ ವೆದರ್ಲಿ ಎಂಬ ಇಂಗ್ಲಿಷ್ ವಕೀಲನು 1913ರಲ್ಲಿ 'ಡ್ಯಾನಿ ಬಾಯ್' ಎಂಬ ಗೀತೆಯನ್ನು ಹೊಂದಿಸಿದನು. ಪರದೇಶಗಳ ಐರಿಷ್ ಜನರು ಕಣ್ಣೀರಿಟ್ಟು ಹಾಡುವುದು ಇದನ್ನೇ.

ಪೆಟ್ರಿಯ ಸಮಗ್ರ ಸಂಗ್ರಹವನ್ನು ಡಬ್ಲಿನ್ನಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೀರ್ತಿಗಳಿಸಿದ ಚಾರ್ಲ್ಸ್ ವಿಲಿಯರ್ಸ್ ಸ್ಟ್ಯಾನ್‌ಫರ್ಡನು 1902ರಿಂದ 1905ರ ಅವಧಿಯಲ್ಲಿ ಸಂಪಾದಿಸಿದನು. ಅದರಲ್ಲಿ 1582 ಮಟ್ಟುಗಳಿವೆ, ನುಡಿಯಿಲ್ಲ. ಚಿಕಾಗೊ ನಗರದ ಪೊಲೀಸ್ ಮುಖ್ಯಾಧಿಕಾರಿಯಾಗಿದ್ದ ಫ್ರಾನ್ಸಿಸ್ ಓ'ನೀಲನು 1903ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ 1850 ಮಟ್ಟುಗಳಿವೆ, ಅಲ್ಲಿಯೂ ನುಡಿಯಿಲ್ಲ. ಇತ್ತ ಡಗ್ಲಸ್ ಹೈಡನು 1893ರಲ್ಲಿ ಕೊನಾಟಿನ ಪ್ರೇಮಗೀತೆಗಳನ್ನು ಐರಿಷ್ ಮೂಲ ಮತ್ತು ಇಂಗ್ಲಿಷ್ ಅನುವಾದಗಳೊಡನೆ ಪ್ರಕಟಿಸಿ ಹೊಸ ಸಾಹಿತ್ಯಕ್ಕೆ ಕಣ್ಣು ತೆರೆಸಿದನು, ಅದರಲ್ಲಿ ಮಟ್ಟಿಲ್ಲ. ಅದೇ ವರ್ಷ ಅವನು ಗೇಲಿಕ್ ಲೀಗ್ ಎಂಬ ಭಾಷಾಸಂಘದ ಅಧ್ಯಕ್ಷನಾದನು. ಒಡಕು ಎಷ್ಟು ಪೂರ್ಣವಾಯಿತೆಂದರೆ, 1897ರ ಮೇ ತಿಂಗಳಲ್ಲಿ ಡಬ್ಲಿನ್ನಿನಲ್ಲಿ ಎರಡು ಪ್ರತ್ಯೇಕ ಉತ್ಸವಗಳು ಹುಟ್ಟಿದವು: ಸಂಗೀತಕ್ಕಾಗಿ ಫೆಶ್ ಕ್ಯೋಲ್, ಭಾಷೆಗಾಗಿ ಓರೆಹ್ತಸ್. ಮೊದಲನೆಯದರ ಒಲವು ಯೂರೋಪಿನ ಶಾಸ್ತ್ರೀಯ ಸಂಗೀತದ ಕಡೆಗೆ ತಿರುಗಿತು. ಎರಡನೆಯದರಲ್ಲಿ ಹಳ್ಳಿಯ ಗಾಯಕರು ಹಾಡಿದರು.

ಆ ಪುನರುಜ್ಜೀವನದ ಕಾಲದ ದಂಪತಿಗಳೊಬ್ಬರು 1915ರಲ್ಲಿ ಭಾರತಕ್ಕೆ ಬಂದರೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಸಂಗೀತದ ಪದವೀಧರೆಯಾದ ಮಾರ್ಗರೆಟ್ ಕಸಿನ್ಸ್ ಅವರು 1919ರಲ್ಲಿ ಮದನಪಲ್ಲಿಯಲ್ಲಿ ರವೀಂದ್ರರ 'ಜನಗಣಮನ' ಗೀತೆಯ ಮಟ್ಟನ್ನು ಸ್ವರಲಿಪಿಯಲ್ಲಿ ಬರೆದಿಟ್ಟರು. ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಅವರ ಪತಿ, ಕವಿ ಜೇಮ್ಸ್ ಕಸಿನ್ಸ್ ಅವರು 1924ರಲ್ಲಿ ಮೈಸೂರಿಗೆ ಬಂದಾಗ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ವಿದ್ಯಾರ್ಥಿ ಕುವೆಂಪು ಅವರಿಗೆ ಮಾತೃಭಾಷೆಯಲ್ಲಿ ಬರೆಯುವಂತೆ ಸಲಹೆಯಿತ್ತುದು ಕನ್ನಡಿಗರಿಗೆಲ್ಲ ಗೊತ್ತಿರುವ ಸಂಗತಿ. ಆ ಸಲಹೆಯ ಹಿಂದೆ ತಮ್ಮ ಭಾಷೆಯನ್ನು ಬಹುಮಟ್ಟಿಗೆ ಕಳೆದುಕೊಂಡು ಮತ್ತೆ ಅರಸುತ್ತಿದ್ದ ಜನಾಂಗವೊಂದರ ಅನುಭವವಿತ್ತು. ಜೇಮ್ಸ್ ಕಸಿನ್ಸ್ ಅವರೂ ತಮ್ಮ ಕಾವ್ಯವನ್ನು ಇಂಗ್ಲಿಷಿನಲ್ಲಿಯೇ ಬರೆದವರು.

ಸ್ವತಂತ್ರ ಐರ್ಲೆಂಡಿನ ರಾಷ್ಟ್ರಗೀತೆಯೂ ಈ ಬೇರ್ಪಡಿಕೆಯ ಗುರುತನ್ನು ಹೊತ್ತಿದೆ. ಪೀಡರ್ ಕಾರ್ನಿಯು 1907ರ ಸುಮಾರಿಗೆ ಇಂಗ್ಲಿಷಿನಲ್ಲಿ ಬರೆದು ಪ್ಯಾಟ್ರಿಕ್ ಹೀನಿಯೊಡನೆ ಮಟ್ಟುಕಟ್ಟಿದ ಸೈನಿಕರ ಹಾಡು 1916ರ ಈಸ್ಟರ್ ದಂಗೆಯ ಯೋಧರ ಬಾಯಲ್ಲಿ ನೆಲೆಯೂರಿ, 1926ರಲ್ಲಿ ರಾಷ್ಟ್ರಗೀತೆಯಾಯಿತು. ಇಂದು ಜನರು ಹಾಡುವುದು ಲೀಯಮ್ ಓ ರಿನ್ ಮಾಡಿದ ಅದರ ಐರಿಷ್ ಅನುವಾದವನ್ನು. ಬಂಟಿಂಗನ ಕಾಲದಲ್ಲಿ ಐರಿಷ್ ಮಟ್ಟಿಗೆ ಇಂಗ್ಲಿಷ್ ನುಡಿಯನ್ನು ತೊಡಿಸಿದರು. ಇಲ್ಲಿ ಇಂಗ್ಲಿಷ್ ಹಾಡಿಗೆ ಐರಿಷ್ ನುಡಿ.

1935ರಲ್ಲಿ ಸ್ಥಾಪಿತವಾದ ಐರಿಷ್ ಜಾನಪದ ಆಯೋಗವು ಐರಿಷ್ ಬಲ್ಲವರನ್ನೇ ಸಂಗ್ರಾಹಕರನ್ನಾಗಿ ನೇಮಿಸಿತು. ಆದರೆ ಮೇಣದ ಸಿಲಿಂಡರುಗಳ ವೆಚ್ಚವು ಹೆಚ್ಚಾದುದರಿಂದ, ಧ್ವನಿಮುದ್ರಿಸಿದ ಮಾತನ್ನು ಬರೆದುಕೊಂಡ ಬಳಿಕ ಮೇಣವನ್ನು ಹೆರೆದು ಮತ್ತೆ ಉಪಯೋಗಿಸುವ ಪದ್ಧತಿಯಿತ್ತು. ನುಡಿ ಉಳಿಯಿತು, ದನಿ ಹೋಯಿತು. ಈ ಕೊರತೆಯನ್ನು ತುಂಬಿದವರು 1942ರಿಂದ 1947ರವರೆಗೆ ಆಯೋಗದ ಸಂಗೀತಸಂಗ್ರಾಹಕರಾಗಿದ್ದ ಶೇಮಸ್ ಎನಿಸ್. ಅವರು ಪೈಪ್ ವಾದ್ಯದಲ್ಲಿ ನಿಪುಣರು, ಐರಿಷನ್ನು ನಿರರ್ಗಳವಾಗಿ ಆಡಬಲ್ಲವರು, ಸ್ವರಲಿಪಿಯನ್ನು ಕೇಳಿದೊಡನೆ ಬರೆಯಬಲ್ಲವರು. ಬಂಟಿಂಗ್ ಮತ್ತು ಲಿಂಚರಿಬ್ಬರೂ ಒಬ್ಬ ವ್ಯಕ್ತಿಯಲ್ಲಿ ಕೂಡಿದಂತಾಯಿತು. ಸೈಕಲ್ಲಿನ ಮೇಲೆ ಕೊನೆಮಾರಾ ಪ್ರದೇಶವನ್ನು ಸುತ್ತಿ, ಕಾಲಮ್ ಓ ಕೀಯಾನ್ ಎಂಬ ಒಬ್ಬ ಗಾಯಕನಿಂದಲೇ ಇನ್ನೂರಕ್ಕೂ ಮಿಕ್ಕ ಹಾಡು ಮತ್ತು ಮಟ್ಟುಗಳನ್ನು ಅವರು ಬರೆದುಕೊಂಡರು. ಮುಂದಿನ ವಿದ್ವತ್ಕಾರ್ಯಗಳಾದ ಓ'ಸಲಿವನ್ನರ ಕ್ಯಾರೊಲನ್ ಚರಿತ್ರೆ (1958), ಬ್ರೆಂಡಾನ್ ಬ್ರಾನಾಕ್ ಅವರ ನೃತ್ಯಸಂಗೀತ ಸಂಪುಟಗಳು (1963ರಿಂದ), 1987ರಲ್ಲಿ ಡಬ್ಲಿನ್ನಿನಲ್ಲಿ ಆರಂಭವಾದ ಪಾರಂಪರಿಕ ಸಂಗೀತ ಭಂಡಾರ, ಕಾರ್ಕಿನ ಪ್ರಾಧ್ಯಾಪಕ ಆಲಾಯ್ಸ್ ಫ್ಲೈಷ್‌ಮನ್ನರು ಸಿದ್ಧಪಡಿಸಿ ಅವರ ಮರಣಾನಂತರ 1998ರಲ್ಲಿ ಪ್ರಕಟವಾದ ಮೂಲಗಳ ಮಹಾಸೂಚಿ, ಇವೆಲ್ಲವನ್ನೂ ಇಲ್ಲಿ ಹೆಸರಿಸಿದರೆ ಸಾಕು.

ಈಗ ಸಂಗೀತರಚನೆಯ ಪ್ರಶ್ನೆಗೆ ಬರೋಣ. ಫ್ಲೈಷ್‌ಮನ್ನರ ಶಿಷ್ಯರಾದ ಶಾನ್ ಓ ರಿಯಾಡಾ (1931–1971) ಅವರು ಯೂರೋಪಿನ ನವೀನ ಪದ್ಧತಿಯಲ್ಲಿ ರಚನೆಯನ್ನು ಆರಂಭಿಸಿದವರು. 1959ರಲ್ಲಿ ಜಾರ್ಜ್ ಮಾರಿಸನ್ ಅವರು ಹಳೆಯ ವಾರ್ತಾಚಿತ್ರಗಳಿಂದ ಜೋಡಿಸಿದ, 1916ರ ದಂಗೆಯನ್ನು ಕುರಿತ 'ಮಿಶೆ ಏರಾ' ಚಲನಚಿತ್ರಕ್ಕೆ ಅವರು ಸಂಗೀತವನ್ನೊದಗಿಸಿದರು. ಐರ್ಲೆಂಡನ್ನು ಕಪ್ಪು ಗುಲಾಬಿಯೆಂದು ಸಂಬೋಧಿಸುವ 'ರೋಶೀನ್ ಡೂ' ಎಂಬ ಹಳೆಯ ಹಾಡಿನ ಮಟ್ಟನ್ನು ವಾದ್ಯವೃಂದಕ್ಕೆ ಅಳವಡಿಸಿದ ಭಾಗವು ದೇಶವನ್ನೇ ಬೆರಗುಗೊಳಿಸಿತು. ನುಡಿಯಿಲ್ಲದ ಆ ಮಟ್ಟು ಅಷ್ಟು ಪರಿಣಾಮಕಾರಿಯಾದುದೇಕೆ? ಕೇಳುವವರು ಆ ನುಡಿಯನ್ನು ಶಾಲೆಯಲ್ಲಿ ಐರಿಷಿನಲ್ಲಿಯೋ, ಜೇಮ್ಸ್ ಕ್ಲಾರೆನ್ಸ್ ಮ್ಯಾಂಗನನ 1846ರ ಇಂಗ್ಲಿಷ್ ರೂಪದಲ್ಲಿಯೋ ಮೊದಲೇ ಕಲಿತಿದ್ದರು. ವಾದ್ಯವು ನುಡಿಸಿದುದಕ್ಕೆ ಸಭಿಕರು ಮನಸ್ಸಿನಲ್ಲಿಯೇ ನುಡಿಗೂಡಿಸಿದರು.

ಆದರೆ ಓ ರಿಯಾಡಾ ಆ ಮಾರ್ಗದಲ್ಲಿ ನಿಲ್ಲಲಿಲ್ಲ. 1962ರ ರೇಡಿಯೊ ಉಪನ್ಯಾಸಮಾಲೆಯಲ್ಲಿ, ಶಾನ್-ನೋಸ್ ಎಂಬ ಒಂಟಿದನಿಯ ಪ್ರಾಚೀನ ಗಾಯನಕ್ರಮವು ಯೂರೋಪಿನ ಸಂಗೀತಕ್ಕಿಂತ ಪೂರ್ವದೇಶಗಳ ಸಂಗೀತಕ್ಕೆ ಹತ್ತಿರವೆಂದು ಅವರು ವಾದಿಸಿದರು. ಒಂದೇ ಮಟ್ಟನ್ನು ಚರಣದಿಂದ ಚರಣಕ್ಕೆ ಬೇರೆ ಬೇರೆ ಅಲಂಕಾರಗಳಿಂದ ಹಾಡುವ ಕ್ರಮವು ನಮ್ಮ ಕಿವಿಗೆ ಅಪರಿಚಿತವೆನಿಸದು, ನಿಜ. ಸಾಮ್ಯವನ್ನು ಸಂಬಂಧವೆಂದು ಕರೆಯಲು ಮಾತ್ರ ಇತಿಹಾಸದ ಆಧಾರ ಬೇಕು. ಕೊನೆಯ ವರ್ಷಗಳಲ್ಲಿ ಅವರು ಐರಿಷ್ ಮಾತಿನ ಕೂಲ್ ಈಯಾ ಗ್ರಾಮದಲ್ಲಿ ನೆಲೆಸಿ, ಹಳ್ಳಿಯ ಗಾಯಕರ ವೃಂದವೊಂದನ್ನು ಕಟ್ಟಿ, ಅವರಿಗಾಗಿ ಐರಿಷ್ ನುಡಿಯ ಪೂಜಾಗೀತೆಗಳನ್ನು ರಚಿಸಿದರು. ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹ್ಯಾರಿ ವೈಟ್ ಅವರು 1998ರಲ್ಲಿ ಪ್ರಕಟಿಸಿದ, 1770ರಿಂದ 1970ರವರೆಗಿನ ಸಂಗೀತ ಮತ್ತು ಸಂಸ್ಕೃತಿಯ ಚರಿತ್ರೆಯಲ್ಲಿ ಓ ರಿಯಾಡಾ ಅವರ ಈ ಹಿಂದೆಗೆತವನ್ನು ಒಂದು ಸೋಲಿನ ಕಥೆಯಾಗಿ ಓದಿದ್ದಾರೆ. ಜಾನಪದ ಸಂಗೀತವು ರಾಷ್ಟ್ರೀಯತೆಯ ಚಿಹ್ನೆಯಾಗಿ ಪವಿತ್ರವಾದುದರಿಂದ ಸ್ವತಂತ್ರವಾದ ಕಲಾಸಂಗೀತವು ಬೆಳೆಯಲು ಎಡೆಯಿಲ್ಲದಾಯಿತು. ಸಂಗೀತದ ಶಕ್ತಿಯೆಲ್ಲ ಸಾಹಿತ್ಯದ ರೂಪಕವಾಗಿ ವ್ಯಯವಾಯಿತು, ಎಂಬುದು ಅವರ ವಾದದ ಸಾರ. ಇದು ಇಂದಿಗೂ ಈ ಕ್ಷೇತ್ರದ ಅತ್ಯಂತ ಸಮರ್ಥವಾದ ಗ್ರಂಥಗಳಲ್ಲೊಂದು. ರಚನಕಾರರಾದ ರೇಮಂಡ್ ಡೀನ್ ಅವರು 1995ರ ಪ್ರಬಂಧವೊಂದರಲ್ಲಿ, ಐರಿಷ್ ಸಮಾಜದಲ್ಲಿ ಶಾಸ್ತ್ರೀಯ ಸಂಗೀತದ ರಚನಕಾರನು ಇದ್ದೂ ಇಲ್ಲದವನೆಂದು ಕಟುವಾಗಿ ದೂರಿದ್ದುದೂ ಈ ವಾದಕ್ಕೆ ಪೋಷಕ. ಆದರೂ ವೈಟ್ ಅವರ ನಿದಾನವನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ರಚನಕಾರನ ಹೆಗಲ ಮೇಲೆ ಬಿದ್ದ ಹೊರೆಯು ಜಾನಪದ ಗೀತೆಯಲ್ಲ, ನುಡಿಯನ್ನು ಕಳಚಿದ ಜಾನಪದ ಮಟ್ಟು. ಸ್ಟ್ಯಾನ್‌ಫರ್ಡನು ಐರಿಷ್ ಸಿಂಫನಿಯನ್ನು (1887) ರಚಿಸುವಾಗ ಅವನ ಕೈಗೆ ಬಂದದ್ದು ಸಂಪುಟದ ಪುಟದಲ್ಲಿನ ಮಟ್ಟು. ಅದು ಹೇಗೆ ಹಾಡಲ್ಪಡುತ್ತಿತ್ತು, ನುಡಿಯ ಮಾತ್ರೆಗೆ ಹೇಗೆ ಬಾಗುತ್ತಿತ್ತು ಎಂಬುದನ್ನು ಆ ಪುಟವು ಹೇಳುವುದಿಲ್ಲ. ಅಂಥ ಮಟ್ಟಿಗೆ ಅಲಂಕಾರ ಮಾಡಬಹುದು, ಅದರೊಡನೆ ಸಂವಾದ ನಡೆಸಲಾಗದು. ಓ ರಿಯಾಡಾ ಕೂಲ್ ಈಯಾಗೆ ಹೋದುದನ್ನು ನುಡಿಯಿದ್ದೆಡೆಗೆ ಹೋದುದೆಂದು ತಿಳಿದರೆ ಅದು ಸೋಲಾಗಿ ಕಾಣದು.

ಈ ನಮ್ಮ ಅಭಿಪ್ರಾಯಕ್ಕೆ ಇತ್ತೀಚಿನ ರಚನೆಗಳೇ ಆಧಾರ. ಶೋರ್ಶಾ ಬಾಡ್ಲಿ ಅವರು 1970ರ ದಶಕದಲ್ಲಿ ಪಾರಂಪರಿಕ ಧಾಟಿಯನ್ನೂ ಯೂರೋಪಿನ ನವ್ಯ ಪದ್ಧತಿಯನ್ನೂ ಬೆಸೆಯದೆ ಎದುರುಬದುರು ನಿಲ್ಲಿಸಿ ನೋಡಿದ್ದರು. ಜೆನಿಫರ್ ವಾಲ್ಷ್ ಅವರು 2015ರಲ್ಲಿ ಸಂಗಡಿಗರೊಡನೆ 'ಅಶ್ಟ್ಯಾಕ್' ಎಂಬ ಹೆಸರಿನಲ್ಲಿ ಎಂದೂ ಇಲ್ಲದಿದ್ದ ಐರಿಷ್ ನವ್ಯಸಂಗೀತಗಾರರ ಚರಿತ್ರೆಯನ್ನೂ ದಾಖಲೆಗಳನ್ನೂ ಕಲ್ಪಿಸಿ ಪ್ರಕಟಿಸಿದರು. ಇತಿಹಾಸಕಾರರಾದ ನಮಗೆ ಮೊದಲ ನೋಟಕ್ಕೆ ಇದು ಕಸಿವಿಸಿಯನ್ನುಂಟುಮಾಡುವ ಚೇಷ್ಟೆ. ಆದರೆ ಭಂಡಾರಗಳಲ್ಲಿ ಯಾರಿಗೆ ಜಾಗ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬ ಪ್ರಶ್ನೆಯನ್ನು ಅದು ಚುಚ್ಚಿ ಕೇಳುತ್ತದೆ.

ಡೊನಕಾ ಡೆನಹಿ ಅವರು 2007ರಲ್ಲಿ ರಚಿಸಿದ 'ಗ್ರಾ ಅಗಸ್ ಬಾಸ್' ಎಂಬ ಕೃತಿಯು ಶಾನ್-ನೋಸ್ ಗಾಯನದ ದನಿಯಿಂದಲೇ ಹುಟ್ಟಿದುದು. ಅದನ್ನು ಹಾಡಿದ ಈರ್ಲಾ ಓ ಲೀನಾರ್ಡ್ ಅವರು ಓ ರಿಯಾಡಾ ಕಟ್ಟಿದ ಕೂಲ್ ಈಯಾ ವೃಂದದಲ್ಲಿ ಬೆಳೆದವರು. ಅವರಿಬ್ಬರೂ ಮತ್ತೆ ಕೂಡಿದ 'ದಿ ಹಂಗರ್' ಎಂಬ ರಂಗಕೃತಿಯು 2016ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾಯಿತು. ಅದರ ವಸ್ತು ಮಹಾಕ್ಷಾಮ. ಆ ವರ್ಷಗಳಲ್ಲಿ ಐರ್ಲೆಂಡನ್ನು ಸುತ್ತಿದ ಅಸೆನತ್ ನಿಕಲ್‌ಸನ್ ಎಂಬ ಅಮೆರಿಕನ್ ಮಹಿಳೆಯ ಇಂಗ್ಲಿಷ್ ಬರಹವನ್ನು ಗಾಯಕಿಯೊಬ್ಬಳು ಹಾಡುತ್ತಾಳೆ. ಅವಳು ಕಂಡ ಹಸಿದ ಮನುಷ್ಯನು ಅದೇ ರಂಗದ ಮೇಲೆ ಐರಿಷಿನಲ್ಲಿ ಹಾಡುತ್ತಾನೆ.